ನಾನು ಸಾರಿಸಿದ ಖೋಲಿ

ತಂಗಿ ಆಸ್ಪತ್ರೆಯಿಂದ ಮನೆಗೆ ಬರುವ ಎರಡು ದಿನ ಮೊದಲು ಆಕೆಯ ಖೋಲಿಯ ನೆಲವನ್ನು ನಾನೇ ಕೈಯಾರೆ ಸಗಣಿಯಿಂದ ಸಾರಿಸಿದೆ. ಬೇರೆ ಯಾರಾದರೂ ಈ ಕೆಲಸ ಮಾಡಿದ್ದರೆ ಅವರನ್ನು ಬೈದು ಹಗುರಾಗುತ್ತಿದ್ದೆ. ಬೈಯುವುದರಲ್ಲಿ ನಾನು ಮನೆಯಲ್ಲಿ ಎಲ್ಲರಿಗಿಂತ ಮುಂದು. ಆದರೆ ಸಗಣಿ ಕಲಸಿದ್ದು ನಾನು, ಮೂಲೆಮೂಲೆಗೂ ಅಂಗೈ ಎಳೆದದ್ದು ನಾನು, ಎದ್ದು ನಿಂತು ದೂರದಿಂದ ನೋಡಿ ಖುಷಿಪಟ್ಟದ್ದೂ ನಾನೇ.

ನಾನು ದುಮ್ಮವಾಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಮನೆ ದೇವಿಕೊಪ್ಪದಲ್ಲಿ. ರೊಟ್ಟಿಯ ಚೂರನ್ನು ಒದ್ದೆ ಮಾಡಿ ಡಬ್ಬಿಯಲ್ಲಿಟ್ಟು, ಅದರ ಮೇಲೆ ಬೂಷ್ಟು ಹೇಗೆ ಬರುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತೇನೆ. ಅಂಥ ಬೂಷ್ಟು ಎಲ್ಲೆಲ್ಲಿ ಬೆಳೆಯುತ್ತದೆ ಎಂದು ಕೇಳಿ, ಉತ್ತರ ಬಾರದವರನ್ನು ನಿಲ್ಲಿಸುತ್ತೇನೆ. ಈಗ ಯಾರನ್ನೂ ನಿಲ್ಲಿಸುವುದಿಲ್ಲ.

ಅಪ್ಪ ಹೋದ ಮೇಲೆ ಮನೆಯಲ್ಲಿ ಅವ್ವ, ನಾನು, ತಂಗಿ, ಮೂರೇ ಜನ. ನನಗೆ ಮದುವೆಯಾಗಿಲ್ಲ, ಆ ಮಾತು ಇಲ್ಲಿ ಬೇಡ. ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು, ಕಲಘಟಗಿಯ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂಡುವ ಕೆಲಸ. ಒಂದು ಬೇಸಗೆಯಲ್ಲಿ ಆಕೆಯ ತೋಳಿನ ಮೇಲೆ ನೀಲಿ ಕಲೆಗಳು ಕಾಣಿಸಿಕೊಂಡವು. ಎಲ್ಲಿ ಬಡಿದುಕೊಂಡೆ ಎಂದು ಕೇಳಿದರೆ, ಎಲ್ಲಿಯೂ ಇಲ್ಲ ಎನ್ನುತ್ತಿದ್ದಳು. ಆಮೇಲೆ ಹಲ್ಲುಜ್ಜುವಾಗ ರಕ್ತ, ಮೆಟ್ಟಿಲು ಹತ್ತಿದರೆ ಉಬ್ಬಸ. ಹುಬ್ಬಳ್ಳಿಗೆ ಕರೆದೊಯ್ದೆವು. ಅವರು ಪರೀಕ್ಷೆ ಮಾಡಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಸೊಂಟದ ಮೂಳೆಗೆ ದಪ್ಪ ಸೂಜಿ ಹಾಕಿ ಮಜ್ಜೆ ತೆಗೆದು ನೋಡಿದರು. ಮಜ್ಜೆ ಹೆಚ್ಚುಕಡಿಮೆ ಖಾಲಿಯಾಗಿತ್ತು.

ಅಲ್ಲಿ ತಂಗಿಯನ್ನು ನೋಡಿದ ಡಾಕ್ಟರಮ್ಮ ಬಾಗಲಕೋಟೆ ಕಡೆಯವರು. ಮಾತು ನಮ್ಮದೇ, ನೇರ.

"ರಕ್ತ ದಿನಾ ಹೊಸಾದ್ ಆಗಬೇಕ್ರಿ ಮಾಸ್ತರ. ಅದನ್ನ ತಯಾರ ಮಾಡೂ ತಾಯಿ ಕೋಶ ಮೂಳಿ ಒಳಗ ಇರ್ತಾವು. ಸ್ಟೆಮ್ ಸೆಲ್ ಅಂತೀವಲ್ಲ, ಅವು. ನಿಮ್ಮ ತಂಗಿಗೆ ಅವು ಉಳದಿಲ್ಲ. ಬ್ಯಾರೆಯವರವು ಹಾಕಬೇಕು. ಒಡಹುಟ್ಟಿದವರ್ದು ಕೂಡಿಬಂದ್ರ ಅಗದಿ ಛಲೋ."

ಆಕೆಗೆ ಒಡಹುಟ್ಟಿದವನು ನಾನೊಬ್ಬನೇ. ನನ್ನ ರಕ್ತವನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ದಿನಗಳಲ್ಲಿ ನಾನು ದೇವರಲ್ಲಿ ಬೇಡಿಕೊಂಡದ್ದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಹೇಳಿಬಿಡುತ್ತೇನೆ. ಹೊಂದದಿರಲಿ ಎಂದು ಬೇಡಿಕೊಂಡೆ. ಮಜ್ಜೆ ಕೊಟ್ಟವನ ನಡು ಬಿದ್ದುಹೋಗುತ್ತದೆ, ಮುಂದೆ ಗಟ್ಟಿ ಕೆಲಸ ಆಗುವುದಿಲ್ಲ ಎಂದು ಊರಲ್ಲಿ ಒಬ್ಬರು ಹೇಳಿದ್ದರು. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೆದರಿದ್ದೆ. ಸೂಜಿ ಕಂಡರೆ ಬೆವರುವವನು ನಾನು. ಬೇರೆ ಯಾರದಾದರೂ ಹೊಂದಲಿ, ತಂಗಿಯೂ ಉಳಿಯಲಿ, ನಾನೂ ಪಾರಾಗಲಿ ಎಂಬ ಅಡ್ಡ ಪ್ರಾರ್ಥನೆ ಅದು.

ಪೂರ್ತಿ ಹೊಂದಿತು. ಡಾಕ್ಟರಮ್ಮ ನಗುನಗುತ್ತ ಹೇಳಿದರು. ತಂಗಿ ನನ್ನ ಮುಖ ನೋಡಿದಳು, ನಾನೂ ನಕ್ಕೆ. ಅವ್ವ ಮಾತ್ರ ಹೊರಗಿನ ಬೆಂಚಿನ ಮೇಲೆ ಕೂತು, "ಇಬ್ಬರನ್ನೂ ಒಳಗ ಕಳಿಸಿ ನಾ ಒಬ್ಬಾಕಿ ಹೊರಗ ಹೆಂಗ ಕೂಡ್ಲೆಪಾ" ಎಂದಳು.

ಐದು ದಿನ ನನಗೆ ಇಂಜೆಕ್ಷನ್ ಕೊಟ್ಟರು. ಮೂಳೆಯೊಳಗಿನ ಆ ಕೋಶಗಳು ಹೆಚ್ಚಾಗಿ, ಜಾಗ ಬಿಟ್ಟು ರಕ್ತಕ್ಕೆ ಇಳಿದು ಬರಬೇಕಂತೆ. ಅದೇ ಹೊತ್ತಿಗೆ ಇನ್ನೊಂದು ವಾರ್ಡಿನಲ್ಲಿ ತಂಗಿಗೆ ಬೇರೆ ಔಷಧ ಹಾಕುತ್ತಿದ್ದರು. ಆಕೆಯಲ್ಲಿ ಉಳಿದಿದ್ದ ಅಷ್ಟಿಷ್ಟು ರಕ್ಷಣೆಯನ್ನೂ ಅಳಿಸಿಹಾಕುವ ಔಷಧ. ಅದಕ್ಕೆ ಮೊದಲು ಡಾಕ್ಟರಮ್ಮ ನನ್ನೊಬ್ಬನನ್ನೇ ಕರೆದು ಕೂರಿಸಿದ್ದರು.

"ಒಲ್ಲೆ ಅನ್ನೂದಿದ್ರ ಇವತ್ತ ಅನ್ರಿ. ನಾಳೆ ಆಕೀಗೆ ಔಷಧ ಶುರು ಆತಂದ್ರ, ಆಮ್ಯಾಲೆ ನೀವು ಒಲ್ಲೆ ಅನ್ನಂಗಿಲ್ಲ. ಒಲ್ಲೆ ಅಂದ್ರ ಆಕೀ ಉಳಿಯಂಗಿಲ್ಲ."

ಕೊಡುತ್ತೇನೆ ಎಂದೆ. ಆ ಐದು ದಿನ ತುಂಬಿದ ಕೊಡ ಹೊತ್ತವನ ಹಾಗೆ ನಡೆದೆ. ರಸ್ತೆ ದಾಟುವುದಕ್ಕೆ ಹೆದರಿದೆ, ಮೆಟ್ಟಿಲು ಇಳಿಯುವುದಕ್ಕೆ ಹೆದರಿದೆ, ಹೊರಗಿನ ಚಹಾ ಕುಡಿಯುವುದಕ್ಕೂ ಹೆದರಿದೆ. ಸೊಂಟ, ಎದೆಗೂಡು, ತೊಡೆಯ ಮೂಳೆ ಒಳಗಿನಿಂದ ಸಿಡಿಯುತ್ತಿದ್ದವು. ನೋವು ನನಗೆ ಭಯ ತರಲಿಲ್ಲ. ನನಗೇನಾದರೂ ಆದರೆ ಆಕೆಯ ಗತಿ ಏನು ಎಂಬ ಲೆಕ್ಕ ಮಾತ್ರ ತಲೆಯಲ್ಲಿ ತಿರುಗುತ್ತಿತ್ತು. ಮೊದಲು ಪಾರಾಗಲು ನೋಡಿದವನು ಈಗ ಪಾರಾಗದಂತೆ ನನ್ನನ್ನೇ ಕಾಯುತ್ತಿದ್ದೆ.

ಕೊಡುವ ದಿನ ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದದ್ದನ್ನು ಅಲ್ಲಿ ಬಿಟ್ಟು, ಇನ್ನೊಂದು ತೋಳಿಗೆ ಮರಳಿ ಬಂತು. ನಾಲ್ಕೈದು ತಾಸು. ತುಟಿ ಜುಮುಗುಟ್ಟಿತು, ಬೆರಳು ಸೆಟೆದವು. ನರ್ಸ್ ಕ್ಯಾಲ್ಸಿಯಂ ಗುಳಿಗೆ ಚೀಪಲು ಕೊಟ್ಟರು. ಕೊನೆಗೆ ಮೇಲೆ ತೂಗುತ್ತಿದ್ದ ಸಣ್ಣ ಚೀಲದಲ್ಲಿ ನೀರುಸಾರಿನಂಥ ಕೆಂಪು ದ್ರವ ಕೂಡಿತ್ತು. ಇಷ್ಟೇನಾ ಎಂದು ಕೇಳಿದೆ. ಇಷ್ಟೇ ಎಂದರು.

ಸಂಜೆ ಅದನ್ನು ತಂಗಿಯ ಎದೆಯ ಹತ್ತಿರದ ನಳಿಕೆಯ ಮೂಲಕ ಹಾಕಿದರು. ಗಾಜಿನ ಆಚೆ ನಿಂತು ನೋಡಿದೆ. ಶಸ್ತ್ರಚಿಕಿತ್ಸೆ ಇಲ್ಲ, ಹೊಲಿಗೆ ಇಲ್ಲ. ಸಲೈನ್ ಹಾಕಿದಂತೆ ಹನಿಹನಿಯಾಗಿ ಇಳಿಯಿತು. ಮೂಳೆಗೆ ಬೇಕಾದದ್ದನ್ನು ರಕ್ತಕ್ಕೆ ಹಾಕುತ್ತಾರಲ್ಲ, ದಾರಿ ತಪ್ಪಿದರೆ ಎಂದು ಡಾಕ್ಟರಮ್ಮನನ್ನು ಕೇಳಿದೆ.

"ಅವಕ್ಕ ಯಾರೂ ದಾರಿ ತೋರಸೂದಿಲ್ರಿ. ಮೂಳಿ ಒಳಗ ಅವಕ್ಕಂತನ ಜಾಗಾ ಇರ್ತಾವು. ಅಲ್ಲಿಂದ ಕರೆಯೂ ರಸಾಯನ ಬರ್ತೈತಿ, ಅದನ್ನ ಹಿಡದು ತಾವ ಹೋಗಿ ಕೂಡ್ತಾವು. ಅಲ್ಲೆ ಅವನ್ನ ಜ್ವಾಪಾನ ಮಾಡೂ ಬ್ಯಾರೆ ಕೋಶ ಇರ್ತಾವು. ಯಾವಾಗ ಸುಮ್ಮನ ಇರಬೇಕು, ಯಾವಾಗ ಬೆಳೀಬೇಕು ಅಂತ ಹೇಳೂದು ಅವ. ಕೋಶ ಎಷ್ಟ ಛಲೋ ಇದ್ರೂ ಜಾಗಾ ಛಲೋ ಇಲ್ಲಂದ್ರ ಉಪಯೋಗಿಲ್ಲ ಮಾಸ್ತರ."

ಜಾಗ ಚೆನ್ನಾಗಿರಬೇಕು. ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವರು ಹೇಳಿದ್ದು ಮೂಳೆಯ ಮಾತು. ನಾನು ಅದನ್ನು ಮನೆಯವರೆಗೂ ಎಳೆದುಕೊಂಡು ಬಂದೆ.

ಇನ್ನೊಂದು ಮಾತನ್ನೂ ಅವರು ಹೇಳಿದ್ದರು. ನನ್ನ ಕೋಶಗಳು ಆಕೆಯಲ್ಲಿ ನೆಲೆಯಾದ ಮೇಲೆ, ಆಕೆಯ ಚರ್ಮವನ್ನೋ ಕರುಳನ್ನೋ ಯಕೃತ್ತನ್ನೋ ಪರಕೀಯ ಎಂದು ತಿಳಿದು ಕಚ್ಚಲು ಹೋಗಬಹುದು. ಅದನ್ನು ತಡೆಯಲು ಬಹಳ ದಿನ ಗುಳಿಗೆ ನುಂಗಬೇಕು. ಆ ಗುಳಿಗೆ ಅವುಗಳ ಸಿಟ್ಟನ್ನೂ ತಗ್ಗಿಸುತ್ತದೆ, ಹೊರಗಿನ ರೋಗದ ಜತೆ ಕಾದಾಡುವ ಶಕ್ತಿಯನ್ನೂ ತಗ್ಗಿಸುತ್ತದೆ. ನಾನು ಕೊಟ್ಟದ್ದೇ ಆಕೆಯನ್ನು ತಿಂದರೆ ಏನು ಮಾಡಲಿ ಎಂದು ಯೋಚಿಸಿ, ಆ ಮಧ್ಯಾಹ್ನ ಅವ್ವ ಕಟ್ಟಿಕೊಂಡು ಬಂದಿದ್ದ ರೊಟ್ಟಿಯನ್ನು ಹಾಗೇ ವಾಪಸು ಕಟ್ಟಿಟ್ಟೆ.

ಎರಡು ವಾರ ಆಕೆಯ ಬಿಳಿಯ ರಕ್ತಕಣಗಳು ಎಣಿಕೆಗೇ ಸಿಗಲಿಲ್ಲ. ಬಾಯಿ ಹುಣ್ಣಾಗಿ ಉಗುಳು ನುಂಗಲೂ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ವರದಿ ಬರುವ ಹೊತ್ತಿಗೆ ನಾನು ಶೌಚಾಲಯಕ್ಕೆ ಓಡುತ್ತಿದ್ದೆ. ಹದಿನಾರನೆಯ ದಿನ ಸಂಖ್ಯೆ ಸ್ವಲ್ಪ ಏರಿತು. ಮರುದಿನ ಇನ್ನಷ್ಟು. "ಹಿಡಕೊಂಡಾವ್ರಿ ಮಾಸ್ತರ" ಎಂದರು ಡಾಕ್ಟರಮ್ಮ. ನಾನು ಅತ್ತುಬಿಟ್ಟೆ, ಅವ್ವ ಅಲ್ಲೇ ನೆಲಕ್ಕೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡಳು.

ಆಮೇಲೆ ಜಂಬದಿಂದ ನನಗೆ ತಲೆ ತಿರುಗಿತು. ಬೇರೆ ಪದ ಸಿಗುತ್ತಿಲ್ಲ. ಅವ್ವ, ತಂಗಿ ಆಸ್ಪತ್ರೆಯ ಹತ್ತಿರವೇ ಬಾಡಿಗೆ ಖೋಲಿಯಲ್ಲಿ ಉಳಿದರು, ನಾನು ಶಾಲೆಗೆ ಮರಳಿದೆ. ಊರಲ್ಲಿ ಬಸ್ಸಿಳಿದರೆ ಸಾಕು, ಜನ ಸುತ್ತಿಕೊಳ್ಳುತ್ತಿದ್ದರು. ತಂಗಿಯನ್ನು ಎರಡನೇ ಸಲ ಹಡೆದ ಅಣ್ಣ ಎಂದು ಹಿರಿಯರೊಬ್ಬರು ಹೇಳಿದರು, ಅದು ಊರೆಲ್ಲ ಹಬ್ಬಿತು. ಚಹಾದಂಗಡಿಯಲ್ಲಿ ತೋಳು ಮಡಚಿ ಸೂಜಿ ಚುಚ್ಚಿದ ಜಾಗ ತೋರಿಸುತ್ತಿದ್ದೆ. ನಮ್ಮ ಮೊಣಕಾಲಿಗೂ ಹಾಕ್ತಾರೇನ್ರಿ ಸರ, ಸಕ್ಕರೆ ಕಾಯಿಲೆಗೂ ಆಗತೈತೇನ್ರಿ ಎಂದು ಕೇಳುವವರಿಗೆ, ರಕ್ತದ ರೋಗಕ್ಕೆ ಇದು ಪಕ್ಕಾ, ಉಳಿದವಕ್ಕೆ ಇನ್ನೂ ಪರೀಕ್ಷೆ ನಡೆದಿದೆ, ಜಾಹೀರಾತು ನೋಡಿ ಮೋಸ ಹೋಗಬೇಡಿ ಎಂದು ಭಾಷಣ ಬಿಗಿಯುತ್ತಿದ್ದೆ. ಹೇಳಿದ್ದೆಲ್ಲ ಸರಿಯೇ ಇತ್ತು. ಹೇಳುವಾಗಿನ ಠೀವಿ ಮಾತ್ರ ಈಗ ನೆನೆದರೆ ಮೈ ಮುದುಡುತ್ತದೆ. ಫೋನಿನಲ್ಲಿ ತಂಗಿ ಎಲ್ಲಕ್ಕೂ ಹೂಂ ಅಣ್ಣಾ, ಹೂಂ ಅಣ್ಣಾ ಎನ್ನುತ್ತಿದ್ದಳು. ಹುಡುಗಿ ಮೆತ್ತಗಾಗಿದ್ದಾಳೆ, ಒಳ್ಳೆಯದೇ ಆಯಿತು ಎಂದುಕೊಂಡೆ.

ನಾಲ್ಕು ತಿಂಗಳಿಗೆ ಮನೆಗೆ ಹೋಗಬಹುದು ಎಂದರು. ಪಾಲಿಸಬೇಕಾದದ್ದನ್ನು ಕನ್ನಡದಲ್ಲೇ ಅಚ್ಚು ಹಾಕಿದ ಹಾಳೆ ಕೊಟ್ಟರು. ಸಾಕುಪ್ರಾಣಿ ಬೇಡ, ಹೂವಿನ ಕುಂಡ ಬೇಡ, ಹಸಿ ತರಕಾರಿ ಬೇಡ, ಮನೆ ಸ್ವಚ್ಛವಾಗಿರಲಿ. ನಾನು ಅದನ್ನು ಫೋನಿನಲ್ಲಿ ತರಿಸಿಕೊಂಡು ಒಂದೊಂದೇ ಪಾಲಿಸಿದೆ. ತುಳಸಿ ಗಿಡವನ್ನು ಹಿತ್ತಲಿನ ಆಚೆಗೆ ಇಟ್ಟೆ. ಇದ್ದೊಂದು ಆಕಳನ್ನು ದೊಡ್ಡಪ್ಪನ ಮನೆಗೆ ಅಟ್ಟಿದೆ. ಗೋಡೆಗೆ ಸುಣ್ಣ ಹೊಡೆಸಿದೆ. ಉಳಿದದ್ದು ನೆಲ.

ನಮ್ಮ ಮನೆಯ ಪಡಸಾಲೆಗೆ ಕಲ್ಲು ಹಾಸಿದೆ. ಆದರೆ ತಂಗಿಯದು ಒಳಗಿನ ಖೋಲಿ, ಅದರ ನೆಲ ಇಂದಿಗೂ ಮಣ್ಣಿನದು. ನಮ್ಮಲ್ಲಿ ಸ್ವಚ್ಛ ಮಾಡುವುದು ಎಂದರೆ ಕಸ ಹೊಡೆಯುವುದಷ್ಟೇ ಅಲ್ಲ, ಸಾರಿಸುವುದು. ಹಡೆದವಳು ಮನೆಗೆ ಬರುವಾಗ ಸಾರಿಸುತ್ತೇವೆ, ಪೂಜೆಗೆ ಮೊದಲು ಸಾರಿಸುತ್ತೇವೆ, ಸಾವಾದ ಮೇಲೂ ಸಾರಿಸುತ್ತೇವೆ. ಸಾರಿಸದ ಖೋಲಿಗೆ ಸಾವಿನ ಬಾಯಿಂದ ಬಂದವಳನ್ನು ಕರೆದು ತರುವುದೇ? ಅವ್ವ ಊರಲ್ಲಿರಲಿಲ್ಲ, ಹೆಂಗಸರ ಕೆಲಸ ಎಂದು ನಾನು ನಾಚಲೂ ಇಲ್ಲ. ದೊಡ್ಡಪ್ಪನ ಮನೆಗೆ ಹೋಗಿ ನಮ್ಮದೇ ಆಕಳ ಸಗಣಿಯನ್ನು, ನಾವು ಹೆಂಡಿ ಎನ್ನುವುದನ್ನು, ಬುಟ್ಟಿ ತುಂಬ ತಂದೆ. ರೋಗಾಣು ತರುತ್ತದೆಂದು ಆಕಳನ್ನು ಅಟ್ಟಿದವನು ಅದರ ಸಗಣಿಯನ್ನು ತಲೆಯ ಮೇಲೆ ಹೊತ್ತು ತಂದೆ. ಹೊತ್ತು ಬರುವಾಗ ಒಂದು ಸಲವೂ ಹೊಳೆಯಲಿಲ್ಲ.

ತಂಗಿ ಬಂದಳು. ಮುಖಕ್ಕೆ ಮಾಸ್ಕು, ತಲೆಯ ಮೇಲೆ ಬೆರಳುದ್ದ ಹೊಸ ಕೂದಲು. ಖೋಲಿಯ ಹೊಸ್ತಿಲ ಹತ್ತಿರ ನಿಂತು ನೆಲ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನಾನ ಸಾರ್ಸೇನಿ, ನನ್ನ ಕೈಲೆ" ಎಂದೆ.

"ಛಲೋ ಆಗೇತಿ ಅಣ್ಣಾ" ಎಂದು ಒಳಗೆ ಹೋದಳು.

ಹನ್ನೆರಡನೆಯ ದಿನ ಶಾಲೆಯಿಂದ ಬಂದಾಗ ಆಕೆ ಗೋಡೆಗೆ ಒರಗಿ ಕೂತಿದ್ದಳು. ಒಣ ಕೆಮ್ಮು, ಉಸಿರು ಎಳೆದರೆ ಪಕ್ಕೆಯಲ್ಲಿ ಚುಚ್ಚು. ಥರ್ಮಾಮೀಟರಿನಲ್ಲಿ ನೂರಾ ಎರಡು. ನಾನು ಡಾಕ್ಟರಮ್ಮನಿಗೆ ಫೋನು ಹಚ್ಚಿದೆ. ಅವರು ಒಂದೊಂದೇ ಕೇಳಿದರು. ಹಸಿಯದು ತಿಂದಳೇನು? ಇಲ್ಲ. ಜನ ಬಂದರೇನು? ಇಲ್ಲ. ದನ?

"ಆಕಳಾ ದೊಡ್ಡಪ್ಪನ ಮನಿಗೆ ಕಳಸೇನ್ರಿ" ಎಂದೆ. ಆ ಗಳಿಗೆಯಲ್ಲೂ ದನಿಯಲ್ಲಿ ಹೆಮ್ಮೆ ಇತ್ತು.

"ಮಲಗೂ ಖೋಲಿ ನೆಲಾ ಎಂಥಾದ್ರಿ?"

"ಮಣ್ಣಿಂದ್ರಿ. ಆದ್ರ ಅಗದಿ ಸ್ವಚ್ಛ ಐತ್ರಿ. ಹೆಂಡಿಲೆ ಸಾರ್ಸೇನ್ರಿ."

ಅವರು ತೀರ ಸಣ್ಣ ದನಿಯಲ್ಲಿ ಹೇಳಿದರು: "ಮೊದಲ ಆಕೀನ್ನ ಆ ಖೋಲಿಯಿಂದ ಹೊರಗ ಕರಕೊಂಡ ಬರ್ರಿ. ಹಾಸಗಿ, ಹೊದಿಕಿ ಏನೂ ತರಬ್ಯಾಡ್ರಿ. ಈಗಿಂದೀಗ ಹುಬ್ಬಳ್ಳಿಗೆ ಹೊಂಡ್ರಿ, ಅಲ್ಲೆ ನಾ ಮಾತಾಡ್ತೀನಿ. ಮಾಸ್ತರ, ಹೆಂಡ್ಯಾಗ ಬೂಷ್ಟ ಬೆಳಿತೈತ್ರಿ. ನೀವು ಮಕ್ಕಳಿಗೆ ಕಲಸೂದಿಲ್ಲೇನು?"

ಹುಬ್ಬಳ್ಳಿಯವರೆಗೆ ಬಾಡಿಗೆ ಗಾಡಿಯ ಹಿಂದಿನ ಸೀಟಿನಲ್ಲಿ ಆಕೆ ನನ್ನ ಹೆಗಲಿಗೆ ಒರಗಿದ್ದಳು. ಪ್ರತಿ ಕೆಮ್ಮಿಗೂ ಉಗುರಿನ ಸಂದಿಯಲ್ಲಿ ಇನ್ನೂ ಸಗಣಿ ಇದೆಯೇನೋ ಎಂದು ಮತ್ತೆಮತ್ತೆ ನೋಡಿಕೊಂಡೆ. ಸಾರಿಸಿದಂದಿನಿಂದ ಎಷ್ಟು ಸಲ ಕೈ ತೊಳೆದಿದ್ದೆನೋ. ಆದರೂ ನೋಡಿಕೊಂಡೆ. ಅವ್ವ ಮುಂದೆ ಕೂತು ಏನಾಯಿತು, ಯಾಕಾಯಿತು ಎಂದು ಕೇಳುತ್ತಲೇ ಇದ್ದಳು. ಗೊತ್ತಿಲ್ಲ ಎಂದು ಸುಳ್ಳು ಹೇಳಿದೆ.

ಎದೆಯ ಸ್ಕ್ಯಾನಿನಲ್ಲಿ ಬಲಗಡೆಯ ಶ್ವಾಸಕೋಶದಲ್ಲಿ ಒಂದು ಗಂಟು ಕಂಡಿತು. ಒಣಗಿದ ನೆಲದಿಂದ ಎದ್ದ ಕಣ್ಣಿಗೆ ಕಾಣದ ಬೀಜಗಳು ಉಸಿರಿನೊಡನೆ ಹೋಗಿ ಅಲ್ಲಿ ಬೂಷ್ಟಾಗಿ ಬೆಳೆದಿದ್ದವು. ನಾನು, ಅವ್ವ ಅದೇ ಗಾಳಿ ಕುಡಿದರೂ ನಮಗೇನೂ ಆಗುವುದಿಲ್ಲ. ಆಕೆಯ ಮೈಯಲ್ಲಿ ಕಾಯಬೇಕಾದ ಕೋಶಗಳು ಇನ್ನೂ ಎಳೆಯವು, ಮೇಲೆ ಅವುಗಳ ಕೈ ಕಟ್ಟಿದ ಗುಳಿಗೆ. ಗುಳಿಗೆ ನಿಲ್ಲಿಸಿದರೆ ನನ್ನ ಕೋಶಗಳು ಆಕೆಯ ಮೇಲೇ ತಿರುಗಿ ಬೀಳಬಹುದು. ನಿಲ್ಲಿಸದಿದ್ದರೆ ಬೂಷ್ಟು ಹಬ್ಬಬಹುದು. ಎರಡೂ ಕಡೆ ನಾನೇ ಇದ್ದೆ.

ಬೂಷ್ಟಿನ ಔಷಧವನ್ನು ರಕ್ತನಾಳಕ್ಕೆ ಹಾಕಿದರು. ಅದು ಇಳಿಯುವಾಗ ಆಕೆಗೆ ನಡುಕ ಬರುತ್ತಿತ್ತು, ಮಂಚದ ಕಬ್ಬಿಣ ಸದ್ದು ಮಾಡುತ್ತಿತ್ತು. ನಾನು ಬಾಗಿಲ ಹೊರಗೆ ನಿಂತು ಆ ಸದ್ದು ಎಣಿಸುತ್ತಿದ್ದೆ. ಸತ್ತರೆ ಕೊಂದವನು ನಾನು ಎಂಬ ಒಂದೇ ವಾಕ್ಯ ಒಂಬತ್ತು ದಿನ ನನ್ನ ಜತೆ ಉಂಡಿತು, ಕೂತಿತು. ಹತ್ತನೆಯ ದಿನ ಜ್ವರ ಬಿಟ್ಟಿತು. ಇನ್ನೊಂದು ವಾರಕ್ಕೆ ಗಂಟು ಸಣ್ಣದಾಗಿದೆ ಎಂದರು. ರಕ್ತದ ಎಣಿಕೆ ಇಳಿದಿರಲಿಲ್ಲ. ಇಷ್ಟಾದರೂ ನನ್ನ ಕೋಶಗಳು ಆಕೆಯ ಮೂಳೆಯೊಳಗೆ ತಮ್ಮ ಜಾಗ ಬಿಟ್ಟಿರಲಿಲ್ಲ.

ಅವ್ವ ಚಹಾ ತರಲು ಹೋದ ಒಂದು ಮಧ್ಯಾಹ್ನ ತಂಗಿಯ ಮುಂದೆ ಎಲ್ಲ ಹೇಳಿಬಿಟ್ಟೆ. ಸಗಣಿಯಿಂದ ಹೀಗಾಯಿತು, ತಪ್ಪು ನನ್ನದು, ನನಗೆ ತಿಳಿಯಲಿಲ್ಲ ಎಂದೆ. ಆಕೆ ಛಾವಣಿ ನೋಡುತ್ತ ಮಲಗಿದ್ದಳು.

"ನನಗ ಗೊತ್ತಿತ್ತು ಅಣ್ಣಾ."

"ಏನ್ ಗೊತ್ತಿತ್ತು?"

"ಬೆಂಗಳೂರಾಗ ನರ್ಸಕ್ಕ ಹೇಳಿದ್ಲು. ಹೆಂಡಿ, ಹುಲ್ಲು, ಹಳೇ ಕಾಳಿನ ಚೀಲಾ, ಇವುಗಳ ಬಾಜೂಕ ಸುಳೀಬ್ಯಾಡ ಅಂತ. ಹೊಸ್ತಿಲದಾಗ ನಿಂತಾಗನ ವಾಸನಿ ಬಂತು."

"ಮತ್ತ ಹೇಳಬೇಕೋ ಬ್ಯಾಡೋ!" ನನ್ನ ದನಿ ಏರಿತು. ಪಕ್ಕದ ಮಂಚದವರು ತಿರುಗಿ ನೋಡಿದರು.

"ಹೆಂಗ ಹೇಳ್ಲಿ? ಊರ ಮಂದಿ ಎಲ್ಲಾ ನಿಮ್ಮಣ್ಣ ಎರಡನೇ ಸಲ ಹಡದಾನ ಅಂತಾರ. ಮೈಯಾಗ ಹರಿಯೂ ರಕ್ತ ನಿಂದು. ನೀ ಮಣಕಾಲೂರಿ ಸಾರ್ಸಿದ ನೆಲಾ ಸರಿ ಇಲ್ಲ ಅಂತ ಯಾವ ಬಾಯಿಲೆ ಹೇಳ್ಲಿ?"

ಜ್ವರ ಬಂದ ದಿನವೂ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಬೂಷ್ಟಿಗೆ ಔಷಧ ಇದೆ. ನನ್ನ ಮುಖ ಸಣ್ಣದಾಗಬಾರದೆಂದು ಜೀವ ಹೋಗುವ ಖೋಲಿಗೆ ಕಾಲಿಡುವವಳನ್ನು ಯಾವ ಔಷಧದಿಂದ ಕಾಯಲಿ? ನಾಳೆ ಮತ್ತೇನೋ ತಪ್ಪು ಮಾಡುತ್ತೇನೆ, ಆಕೆ ಮತ್ತೆ ಛಲೋ ಆಗೇತಿ ಅಣ್ಣಾ ಎನ್ನುತ್ತಾಳೆ. ಚಹಾದಂಗಡಿಯಲ್ಲಿ ತೋಳು ತೋರಿಸುತ್ತ ಆಕೆಯ ಬಾಯಿ ಕಟ್ಟಿದವನು ನಾನು. ಆಕೆಯ ಕೈ ಹಿಡಿದು, "ಕೊಟ್ಟದ್ದು ಕೊಟ್ಟಾತು, ಈಗ ಅದು ನಿಂದು, ನನ್ನದಲ್ಲ. ಇನ್ನ ನನಗ ಬೈ ಲೇ, ಬೈ" ಎಂದೆ. ಆಕೆ ಬೈಯಲಿಲ್ಲ, ಅತ್ತಳು.

ಆಸ್ಪತ್ರೆ ಬಿಟ್ಟ ಮೇಲೆ ದೇವಿಕೊಪ್ಪಕ್ಕೆ ಹೋಗಲಿಲ್ಲ. ಹುಬ್ಬಳ್ಳಿಯಲ್ಲೇ ಟೈಲ್ಸ್ ನೆಲದ ಸಣ್ಣ ಮನೆ ಹಿಡಿದು ಅವ್ವ, ತಂಗಿ ಅಲ್ಲಿದ್ದರು. ನಾನು ಶಾಲೆ ಮುಗಿಸಿ ಶನಿವಾರ ಹೋಗುತ್ತಿದ್ದೆ. ಪ್ರತಿ ಸಲ ಬಾಗಿಲಲ್ಲಿ ನಿಂತು ಇಂದು ಏನು ತಪ್ಪು ಹೊತ್ತು ತಂದಿದ್ದೇನೋ ಎಂದು ನನ್ನನ್ನೇ ತಡವಿಕೊಳ್ಳುತ್ತಿದ್ದೆ. ಮೂರನೆಯ ಶನಿವಾರ ಬಸ್ಸಿನಲ್ಲಿ ನಿಂತೇ ಬಂದು ಸುಸ್ತಾಗಿತ್ತು. ಎಲ್ಲ ಮರೆತು ಚಪ್ಪಲಿ ಕಳಚಿದವನೇ ನೇರ ಒಳಗೆ ನಡೆದು ಆಕೆಯ ಹಾಸಿಗೆಯ ಮೇಲೆ ಕೂತುಬಿಟ್ಟೆ.

ಆಕೆ ತಟ್ಟನೆ ಹಿಂದೆ ಸರಿದಳು. ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

"ಏಳು. ಹೊರಗ ಹೋಗು. ಅಂಗಿ ಬದಲಾಸಿ, ಕೈ ತೊಳಕೊಂಡ ಬಾ."

ಒಳಗಿನಿಂದ ಅವ್ವ ಉರಿದು ಬಂದಳು. "ಜೀವಾ ಕೊಟ್ಟಾಂವಗ ಹಿಂಗ ಮಾತಾಡ್ತಾರೇನ ಬೇ?"

"ನನ್ನ ಜೀವಾ ಐತಿ ಅಂತನ ಮಾತಾಡಾಕತ್ತೇನಿ. ಅಣ್ಣಾ, ಏಳು ಅಂದ್ನಿ."

ನಾನು ಎದ್ದೆ. ಹಿಂದೆ ಅವ್ವ ಇನ್ನೂ ಗೊಣಗುತ್ತಿದ್ದಳು, ತಂಗಿ ಇನ್ನೂ ಆಕೆಗೆ ಎದುರು ಉತ್ತರ ಕೊಡುತ್ತಿದ್ದಳು. ಹೊರಗಿನ ನಳದ ಕೆಳಗೆ ಕೈಯಿಟ್ಟು, ಸಾಬೂನು ತೊಳೆದು ಹೋದ ಮೇಲೂ ಬಹಳ ಹೊತ್ತು ಅಲ್ಲೇ ನಿಂತು ಆ ಜಗಳ ಕೇಳಿದೆ.